ಹಾರ್ಮೋನು ಚಿಕಿತ್ಸೆಯ ವಿವೇಕ: ಮುಂಬಯಿಯ ಒಂದು ಹಿನ್ನೋಟ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯು 1970ರಲ್ಲಿ ಮುಂಬಯಿಯ ಪರೇಲಿನಲ್ಲಿ ರೂಪುಗೊಂಡಿತು. ಹಾರ್ಮೋನುಗಳ ಶಾಸ್ತ್ರೀಯ ಅಧ್ಯಯನಕ್ಕೆ ನೆಲೆಯಾದ ಈ ನಗರದಲ್ಲಿಯೇ ಅವುಗಳ ಸುರಕ್ಷತೆಯು ಸಾರ್ವಜನಿಕ ಜಿಜ್ಞಾಸೆಯ ವಿಷಯವೂ ಆಯಿತೆಂಬುದು ಗಮನಾರ್ಹ.

ಅಧಿಕ ಪ್ರಮಾಣದ ಈಸ್ಟ್ರೋಜನ್–ಪ್ರೊಜೆಸ್ಟರೋನ್ ಮಿಶ್ರಣವು ಗರ್ಭಪರೀಕ್ಷೆಗೆ ಬಳಕೆಯಾಗುತ್ತಿತ್ತು. ಗರ್ಭಪಾತವಾಗುವುದೆಂಬ ತಪ್ಪು ನಂಬಿಕೆಯಿಂದಲೂ ಅದನ್ನು ಸೇವಿಸುವುದಿತ್ತು. ಭ್ರೂಣಕ್ಕೆ ಹಾನಿಯಾದೀತೆಂಬ ಆತಂಕದಿಂದ ಸರಕಾರವು 1982ರಲ್ಲಿ ನಿಷೇಧಕ್ಕೆ ಮುಂದಾದಾಗ ತಯಾರಕರು ನ್ಯಾಯಾಲಯದ ಮೊರೆಹೊಕ್ಕರು. ಮುಂಬಯಿಯ ಮಹಿಳಾ ಸಂಘಟನೆಗಳೂ ಆರೋಗ್ಯ ಕಾರ್ಯಕರ್ತರೂ ಪಾಲ್ಗೊಂಡ ಹೋರಾಟ, 1987ರ ಸಾರ್ವಜನಿಕ ವಿಚಾರಣೆಗಳ ತರುವಾಯ 1988ರಲ್ಲಿ ನಿಷೇಧ ಜಾರಿಗೆ ಬಂದಿತು.

ಅದು ಋತುವಿರತಿಯ ವಿವಾದವಲ್ಲ. ಆದರೆ ಯಾರಿಗೆ, ಏತಕ್ಕೆ, ಎಷ್ಟು ಎಂಬ ಪ್ರಶ್ನೆಗಳು ಅಲ್ಲಿಗೂ ಸಲ್ಲುತ್ತವೆ. ಈಸ್ಟ್ರೋಜನ್ ಒಂದನ್ನೇ ಸೇವಿಸಿದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಂಭವ ಹೆಚ್ಚುವುದೆಂದು ಅಮೆರಿಕದ ಅಧ್ಯಯನಗಳು 1975ರಲ್ಲಿಯೇ ತೋರಿಸಿದ್ದವು. 16,608 ಮಹಿಳೆಯರ ಮೇಲಿನ ಅಲ್ಲಿಯ ಪ್ರಯೋಗವೊಂದು 2002ರಲ್ಲಿ ಅವಧಿಗೆ ಮುನ್ನವೇ ನಿಂತಿತು: ಸಂಯುಕ್ತ ಹಾರ್ಮೋನು ಸೇವಿಸಿದವರಲ್ಲಿ ವರ್ಷಕ್ಕೆ 10,000 ಮಂದಿಗೆ 8ರಂತೆ ಸ್ತನಕ್ಯಾನ್ಸರ್, 8ರಂತೆ ಪಾರ್ಶ್ವವಾಯು ಅಧಿಕವಾಗಿ ಕಂಡವು, ಸೊಂಟದ ಮೂಳೆಮುರಿತ 5ರಂತೆ ತಗ್ಗಿತು. ಪ್ರಯೋಗಕ್ಕೆ ಒಳಗಾದವರ ಸರಾಸರಿ ವಯಸ್ಸು 63.

ಹೀಗಾಗಿ ಆ ಅಂಕಿಗಳನ್ನು ಐವತ್ತರ ಆಸುಪಾಸಿನ, ಮೈಬಿಸಿಯಿಂದ ಬಳಲುವ ಮಹಿಳೆಗೆ ಹಾಗೆಯೇ ಅನ್ವಯಿಸಲಾಗದು. ಅರವತ್ತು ದಾಟದ, ಮುಟ್ಟು ನಿಂತು ಹತ್ತು ವರ್ಷ ಕಳೆಯದ ಆರೋಗ್ಯವಂತರಲ್ಲಿ ಲಾಭವೇ ಸಾಮಾನ್ಯವಾಗಿ ಮಿಗಿಲೆಂಬುದು ಇಂದಿನ ತಜ್ಞಮತ. ಕುರುಡು ಭರವಸೆಯಂತೆಯೇ ಕುರುಡು ಭೀತಿಯೂ ಸಲ್ಲದು. ವಯಸ್ಸು, ಗರ್ಭಕೋಶದ ಸ್ಥಿತಿ, ಪೂರ್ವರೋಗ ಇವನ್ನು ಕೇಳದೆ ಬರೆದುಕೊಟ್ಟ ಔಷಧಚೀಟಿ ಸಲಹೆಯೆನಿಸದು.