ನೀರು ಹೊರುವವರ ದೀಪಾವಳಿ

ಕರ್ನಾಟಕ ಸರ್ಕಾರದ ರಜಾ ಪಟ್ಟಿಯಲ್ಲಿ ದೀಪಾವಳಿಗೆ ಎರಡು ದಿನ. ನರಕ ಚತುರ್ದಶಿಗೊಂದು, ಬಲಿಪಾಡ್ಯಮಿಗೊಂದು. ನಡುವಿನ ಅಮಾವಾಸ್ಯೆಗೆ ಏನೂ ಇಲ್ಲ. 2025ರ ಕ್ಯಾಲೆಂಡರ್ ನೋಡಿ: ಅಕ್ಟೋಬರ್ 20 ಕೆಂಪು, 22 ಕೆಂಪು, ಮಧ್ಯದ ಮಂಗಳವಾರ ಕಪ್ಪು. ಆಫೀಸಿನಲ್ಲಿ ಆ ಒಂದು ದಿನಕ್ಕೆ ರಜೆ ಕೇಳಿದರೆ "ಓ, ಐದು ದಿನ ಒಟ್ಟಿಗೆ ಸಿಗತ್ತೆ ಅಂತಾನಾ?" ಅನ್ನುತ್ತಾರೆ. ಅಲ್ಲ. ಯಳಂದೂರು, ಕೊಳ್ಳೇಗಾಲ, ಹನೂರು ಕಡೆಯ ಎಷ್ಟೋ ಮನೆಗಳಿಗೆ ದೀಪಾವಳಿ ಅಂದರೆ ಆ ಕಪ್ಪು ದಿನವೇ.

ಅವತ್ತು ಮಲೆ ಮಹದೇಶ್ವರ ಬೆಟ್ಟದಲ್ಲಿ ಹಾಲರವಿ ಉತ್ಸವ. ಅರವಿ ಅಂದರೆ ನೀರಿನ ಮಡಕೆ. ಮಾದಪ್ಪನ ಪೂಜಾರಿಕೆ ಮಾಡಿಕೊಂಡು ಬಂದಿರುವ ಬೇಡಗಂಪಣ ಸಮುದಾಯದ 101 ಪುಟ್ಟ ಹೆಣ್ಣುಮಕ್ಕಳು ಕಾಡಿನೊಳಗಿನ ಹಳ್ಳಕ್ಕೆ ಹೋಗಿ, ಅರವಿಗಳಲ್ಲಿ ನೀರು ತುಂಬಿ, ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಕಿಲೋಮೀಟರ್‌ಗಟ್ಟಲೆ ನಡೆದು ಬೆಟ್ಟಕ್ಕೆ ಬರುತ್ತಾರೆ. ಮುಂದೆ ಸತ್ತಿಗೆ, ವಾದ್ಯ. ದಾರಿಯ ಎರಡೂ ಕಡೆ ಸಾವಿರಾರು ಜನ. ಆ ನೀರಿನಲ್ಲೇ ಮಾದಪ್ಪನಿಗೆ ಅಭಿಷೇಕ. ಮಾರನೇ ದಿನ ತೇರು. ಹೊರುವವರೆಲ್ಲ ಇನ್ನೂ ಮೈನೆರೆಯದ ಮಕ್ಕಳು. ದೊಡ್ಡವರಿಗೆ ಅಲ್ಲಿ ಕೆಲಸ ಇದೆ, ಆದರೆ ಮುಖ್ಯ ಕೆಲಸ ಅವರದ್ದಲ್ಲ.

ಈ ಹಬ್ಬದ ದಾರಿಯ ಮೇಲೆ ಎಷ್ಟು ಗಡಿಗಳು ಹಾದುಹೋಗಿವೆ ಅಂತ ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಆಮೇಲೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಮಾದಪ್ಪನ ಬೆಟ್ಟವೂ ಅದರೊಳಗೇ. ಪಕ್ಕದ ಯಳಂದೂರು ಮಾತ್ರ ಮೈಸೂರಿನಲ್ಲೇ ಉಳಿಯಿತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಹೋಯಿತು. ನಮ್ಮ ಹೊನ್ನೂರು ಯಳಂದೂರು ಸೀಮೆಯದು. ಅಂದರೆ ಒಂದೂವರೆ ಶತಮಾನ ಕಾಲ ನಮ್ಮೂರಿನವರು ಬುತ್ತಿ ಕಟ್ಟಿಕೊಂಡು ಮಾದಪ್ಪನ ಬೆಟ್ಟಕ್ಕೆ ಹೊರಟರೆ, ಕೊಳ್ಳೇಗಾಲದ ಸೀಮೆಗೆ ಕಾಲಿಟ್ಟ ಕೂಡಲೇ ಸರ್ಕಾರವೇ ಬದಲಾಗುತ್ತಿತ್ತು. ಇತ್ತ ಮಹಾರಾಜರು, ಅತ್ತ ಬ್ರಿಟಿಷ್ ಕಲೆಕ್ಟರು. ದೇವರು ಮಾತ್ರ ಒಬ್ಬನೇ.

1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರು ರಾಜ್ಯ ಸೇರಿತು. ಆ ವರ್ಷದ ದೀಪಾವಳಿ ಅಮಾವಾಸ್ಯೆ ಯಾವತ್ತು ಗೊತ್ತಾ? ನವೆಂಬರ್ 2. ಬೆಂಗಳೂರಿನಲ್ಲಿ ಹೊಸ ರಾಜ್ಯದ ಸಂಭ್ರಮ. ಅದರ ಮರುದಿನವೇ ಈ ಕಡೆ ಮಾದಪ್ಪನ ಅಮಾವಾಸ್ಯೆ. ಗಡಿ ಎಲ್ಲ ಕನ್ನಡದ ಊರುಗಳನ್ನೂ ಒಳಕ್ಕೆ ತರಲಿಲ್ಲ. ತಾಳವಾಡಿ ಆ ಕಡೆಯೇ ಉಳಿಯಿತು, ರಾಜ್‌ಕುಮಾರ್ ಅವರ ಗಾಜನೂರೂ ಸೇರಿದಂತೆ. ಆಮೇಲೆ 1997ರಲ್ಲಿ ಚಾಮರಾಜನಗರ ಜಿಲ್ಲೆಯಾಯಿತು, 2018ರಲ್ಲಿ ಹನೂರು ತಾಲ್ಲೂಕಾಯಿತು. 2024ರಲ್ಲಿ ಇನ್ನೊಂದು ಕಾಕತಾಳೀಯ: ಅಮಾವಾಸ್ಯೆ ಮತ್ತು ರಾಜ್ಯೋತ್ಸವ ಒಂದೇ ದಿನ ಬಂದವು. ನಮ್ಮ ಕಪ್ಪು ದಿನ ಆ ಒಂದು ವರ್ಷ ಕೆಂಪಾಯಿತು.

ಮಾದಪ್ಪನ ಕಾವ್ಯವನ್ನು ಕಂಸಾಳೆಯವರು ರಾತ್ರಿಯಿಡೀ ಹಾಡುತ್ತಾರೆ. ಅದರಲ್ಲಿ ಜನರಿಗೆ ತುಂಬ ಇಷ್ಟವಾದ ಭಾಗ ಸಂಕಮ್ಮನದು. ಮಕ್ಕಳಿಲ್ಲದ, ಗಂಡ ನೀಲಯ್ಯನ ಸಂಶಯಕ್ಕೆ ಸಿಕ್ಕಿ ನರಳಿದ ಹೆಣ್ಣಿಗೆ ಮಾದಪ್ಪ ಕಾರಯ್ಯ, ಬಿಲ್ಲಯ್ಯ ಅನ್ನೋ ಇಬ್ಬರು ಮಕ್ಕಳನ್ನು ಕೊಡುತ್ತಾನೆ. ಆ ಮಕ್ಕಳೇ ಮುಂದೆ ಅವನ ಒಕ್ಕಲಾಗುತ್ತಾರೆ. ಶ್ರವಣಾಸುರನನ್ನು ಕೊಂದ ದೇವರು ನಿಜ, ಆದರೆ ಮನೆಮನೆಯಲ್ಲಿ ನೆನೆಯುವುದು ತೊಟ್ಟಿಲು ತೂಗಿಸಿದ ದೇವರನ್ನ. ಅಂಥವನ ದೊಡ್ಡ ಹಬ್ಬದಲ್ಲಿ ಮಕ್ಕಳು ಮುಂದೆ ನಿಲ್ಲುವುದು ನನಗಂತೂ ತೀರಾ ಸಹಜ ಅನ್ನಿಸುತ್ತದೆ.

ಹಾಗೆ ನೋಡಿದರೆ ಹಳೇ ಮೈಸೂರಿನ ದೀಪಾವಳಿ ಶುರುವಾಗುವುದೇ ನೀರಿನಿಂದ. ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹುಣಸೆಹಣ್ಣು ಹಚ್ಚಿ ಹಂಡೆ ಬೆಳಗಬೇಕು, ಬಚ್ಚಲ ಒಲೆ ಸಾರಿಸಬೇಕು, ಹಂಡೆಯ ಕತ್ತಿಗೆ ಹೂವು ಸುತ್ತಬೇಕು, ಕೊಡದಲ್ಲಿ ನೀರು ತಂದು ತುಂಬಬೇಕು. ತರುವವರಲ್ಲಿ ಚೊಂಬು ಹಿಡಿದ ಮಕ್ಕಳೇ ಹೆಚ್ಚು. ಇದರ ಮುಂದೆ ಪಟಾಕಿ ನಿನ್ನೆ ಮೊನ್ನೆಯದು. ಶಿವಕಾಶಿಯ ಉದ್ಯಮ ಬೆಳೆದದ್ದು 20ನೇ ಶತಮಾನದಲ್ಲಿ. 2018ರಲ್ಲಿ ಸುಪ್ರೀಂ ಕೋರ್ಟ್ ರಾತ್ರಿ 8ರಿಂದ 10 ಅಂತ ಎರಡೇ ಗಂಟೆ ಕೊಟ್ಟಾಗ "ಇನ್ನು ಮಕ್ಕಳಿಗೆ ಹಬ್ಬವೇ ಇಲ್ಲ" ಅಂದವರು ನಮ್ಮ ಅಪಾರ್ಟ್‌ಮೆಂಟಿನಲ್ಲೂ ಇದ್ದರು. ಅದಕ್ಕಿಂತ ಮುಂಚೇನೇ ಹೋಗಿದ್ದು ಮಕ್ಕಳ ಕೈಯಲ್ಲಿದ್ದ ಕೆಲಸ. ಈಗ ಅವರಿಗೆ ಹೊಸ ಬಟ್ಟೆ ಹಾಕಿ ನಿಲ್ಲಿಸುತ್ತೇವೆ, ಫೋಟೋ ತೆಗೆಯುತ್ತೇವೆ, ಅಷ್ಟೇ. ನಮ್ಮವ್ವ ಮೊಮ್ಮಗಳಿಗೆ ಹೇಳೋದು ಒಂದೇ ಮಾತು: "ಗೀಸರ್ ನೀರ್‌ಗ ಯಾವ್ ಹಬ್ಬ ಬತ್ತದ ಕೂಸೇ?"

ಮಗಳು ಮೂರನೇ ಕ್ಲಾಸು. ಹಾಲರವಿಯ ವಿಡಿಯೋ ನೋಡಿ ಅವಳು ಕೇಳಿದ್ದು ದೇವರ ಬಗ್ಗೆ ಅಲ್ಲ. "ಅಮ್ಮ, ಆ ಹುಡುಗಿಯರು ಯಾವ ಸ್ಕೂಲು?"

ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬೆಟ್ಟದ ಸುತ್ತಲಿನ ಕಾಡು 2013ರಲ್ಲಿ ವನ್ಯಜೀವಿಧಾಮವಾಯಿತು. ಅದರೊಳಗಿನ ಎಷ್ಟೋ ಊರುಗಳಿಗೆ ಸರಿಯಾದ ರಸ್ತೆ ಇಲ್ಲ. ಅಲ್ಲಿನ ಮಕ್ಕಳಿಗೆ ಕಾಡಿನಲ್ಲಿ ನಡೆಯುವುದು ವರ್ಷಕ್ಕೊಮ್ಮೆಯ ಉತ್ಸವ ಅಲ್ಲ, ಶಾಲೆಯ ದಾರಿ. ಅವರನ್ನು ಕರೆದೊಯ್ಯಲು ಅರಣ್ಯ ಇಲಾಖೆ ಜೀಪು ಓಡಿಸಿದ್ದೂ ಉಂಟು. 2024ರ ಏಪ್ರಿಲ್ 26ರ ಲೋಕಸಭಾ ಚುನಾವಣೆಯಲ್ಲಿ ಇಲ್ಲಿನ ಇಂಡಿಗನತ್ತ ಸುದ್ದಿಯಾಯಿತು. ರಸ್ತೆ, ನೀರು, ಕರೆಂಟು ಇಲ್ಲ ಅಂತ ಜನ ಮತದಾನ ಬಹಿಷ್ಕರಿಸಿದ್ದರು. ಗಲಾಟೆಯಲ್ಲಿ ಮತಯಂತ್ರ ಒಡೆಯಿತು, 29ಕ್ಕೆ ಮರುಮತದಾನ ನಡೆಯಿತು. ಒಡೆದದ್ದು ತಪ್ಪು, ಸರಿ. ಆದರೆ ದೇವರಿಗೆ ನೀರು ತರುವ ಬೆಟ್ಟದಲ್ಲೇ ಮನೆಗೆ ನೀರಿಲ್ಲ ಅಂತ ಜನ ಬೀದಿಗೆ ಬಂದಿದ್ದರು ಅನ್ನೋದನ್ನ ಮರೆಯಬಾರದಲ್ಲ.

ಮೈನೆರೆಯದವರೇ ಹೊರಬೇಕು ಅನ್ನೋ ಕಟ್ಟಳೆಯ ಬಗ್ಗೆ ನನಗೆ ಇರುಸುಮುರುಸು ಇದ್ದೇ ಇದೆ. ಹೆಣ್ಣಿನ ಮೈಯನ್ನು ಮಡಿ ಮೈಲಿಗೆ ಅಂತ ಅಳೆಯುವ ಲೆಕ್ಕವೇ ಅದು. ಆದರೂ ಅಷ್ಟು ದೊಡ್ಡ ಜಾತ್ರೆ ಒಂದು ಎಂಟು ವರ್ಷದ ಹುಡುಗಿಗೆ ದಾರಿ ಬಿಟ್ಟು ಕೈಮುಗಿಯುವುದನ್ನು ನೋಡಿದರೆ ಸುಮ್ಮನೆ ತಳ್ಳಿಹಾಕಲು ಆಗುವುದಿಲ್ಲ. ಎರಡೂ ಒಟ್ಟಿಗೇ ನಿಜ. ಮಗಳು ದೊಡ್ಡವಳಾದ ಮೇಲೆ ಎರಡನ್ನೂ ಹೇಳುತ್ತೇನೆ.

ಸದ್ಯಕ್ಕೆ ನಮ್ಮ ಮನೆಯಲ್ಲಿ ಮಾಡಿಕೊಂಡಿರುವುದು ಇಷ್ಟು. ನೀರು ತುಂಬುವ ಹಬ್ಬದ ಸಂಜೆ ಊರಿನಲ್ಲಿರುತ್ತೇವೆ. ಹಂಡೆ ಮಕ್ಕಳದ್ದು: ಬೆಳಗುವುದು, ಹೂವು ಸುತ್ತುವುದು, ತುಂಬುವುದು ಎಲ್ಲ. ನೆಲವೆಲ್ಲ ಒದ್ದೆ, ಜಗಳ, ಮಗ ಅರ್ಧಕ್ಕೇ ಎದ್ದು ಹೋಗುತ್ತಾನೆ. ಇರಲಿ. ಅಮಾವಾಸ್ಯೆಗೆ ನಾನು ರಜೆ ಹಾಕುತ್ತೇನೆ, ಕಾರಣದ ಜಾಗದಲ್ಲಿ "ಹಬ್ಬ" ಅಂತಲೇ ಬರೆಯುತ್ತೇನೆ.

ಆ 101 ಮಕ್ಕಳಿಗೆ ನಮ್ಮ ಕೈಮುಗಿತ ಒಂದು ದಿನಕ್ಕೆ ಸಾಕು. ಉಳಿದ 364 ದಿನಕ್ಕೆ ಬೇಕಾಗಿರುವುದು ಶಾಲೆಗೊಂದು ರಸ್ತೆ, ಮನೆಗೊಂದು ನಲ್ಲಿ. ಉಘೇ ಅಂತ ಕೂಗುವಷ್ಟೇ ಜೋರಾಗಿ ಅದನ್ನೂ ಕೇಳಬೇಕು.