ಕಳ್ಳಭಟ್ಟಿಯ ದುರಂತ ಮತ್ತು ಒಂದು ಸಣ್ಣ ವ್ಯವಕಲನ



1981ರ ಜುಲೈ ತಿಂಗಳಿನಲ್ಲಿ ಬೆಂಗಳೂರು ಕಂಡ ಕಳ್ಳಭಟ್ಟಿ ದುರಂತವನ್ನು ನಿಮ್ಮಲ್ಲಿ ಹಿರಿಯರಾದವರು ಮರೆತಿರಲಾರಿರಿ. ಗುಂಡೂರಾಯರು ಮುಖ್ಯಮಂತ್ರಿಗಳಾಗಿದ್ದ ಕಾಲವದು. ಮೀಥೈಲ್ ಆಲ್ಕೋಹಾಲ್ ಬೆರೆತ ಅಗ್ಗದ ಮದ್ಯ ಕುಡಿದು ಸುಮಾರು 300 ಮಂದಿ ಅಸುನೀಗಿದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಆದರೂ 2008ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಸುತ್ತಮುತ್ತ, ಕೋಲಾರ ಹಾಗೂ ಹೊಸೂರಿನ ಕಡೆ ಅದೇ ವಿಷ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಕುಡಿದೊಡನೆ ಈ ವಿಷವು ಸಾಮಾನ್ಯ ಅಮಲಿನಂತೆಯೇ ತೋರುತ್ತದೆ. ಅನಂತರ ಯಕೃತ್ತು ಅದನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುತ್ತದೆ. ಕಣ್ಣಿನ ನರವನ್ನು ಸುಡುವುದು ಈ ಆಮ್ಲವೇ. ಕಣ್ಣು ಮಂಜಾಗುವ ಹೊತ್ತಿಗೆ ಅನೇಕ ವೇಳೆ ಹನ್ನೆರಡು ಗಂಟೆಗಳೇ ಕಳೆದಿರುತ್ತವೆ.

ರಕ್ತದಲ್ಲಿ ಅಡಗಿದ ಇಂತಹ ವಿಷದ ಸುಳಿವು ಕೊಡುವ ಪರೀಕ್ಷೆಗೆ ‘ಆಸ್ಮೋಲ್ ಗ್ಯಾಪ್’ ಎಂದು ಹೆಸರು. ಅದರ ತತ್ತ್ವ ನಿಮಗೆ ಹೊಸದಲ್ಲ. ಕುಲ್ಫಿ ಮಾಡುವವರು ಮಂಜುಗಡ್ಡೆಗೆ ಉಪ್ಪು ಬೆರೆಸುವುದೇಕೆಂದು ಎಂಟನೆಯ ತರಗತಿಯಲ್ಲಿ ಕೇಳಿದ್ದೆನಲ್ಲವೇ? ನೀರಿನಲ್ಲಿ ಕರಗಿದ ಕಣಗಳು ಹೆಚ್ಚಿದಷ್ಟೂ ಅದರ ಘನೀಕರಣ ಬಿಂದು ಇಳಿಯುತ್ತದೆ. ಫ್ರಾನ್ಸಿನ ರೌಲ್ಟ್ 1880ರ ದಶಕದಲ್ಲಿಯೇ ಇದನ್ನು ಅಳೆದು ತೋರಿಸಿದ್ದನು. ಪ್ರಯೋಗಾಲಯದಲ್ಲಿ ರಕ್ತದ್ರವವನ್ನು ಹೆಪ್ಪುಗಟ್ಟಿಸಿ, ಅದರಲ್ಲಿರುವ ಒಟ್ಟು ಕಣಗಳನ್ನು ಲೆಕ್ಕ ಹಾಕುತ್ತಾರೆ.

ಇನ್ನೊಂದು ಲೆಕ್ಕ ಕಾಗದದ ಮೇಲೆ: ಸೋಡಿಯಂನ ಎರಡರಷ್ಟು, ಸಕ್ಕರೆಯನ್ನು 18ರಿಂದಲೂ ಯೂರಿಯಾ ಸಾರಜನಕವನ್ನು 2.8ರಿಂದಲೂ ಭಾಗಿಸಿ ಕೂಡಿಸಿದ ಮೊತ್ತ. ಸೋಡಿಯಂ 140, ಸಕ್ಕರೆ 90, ಯೂರಿಯಾ ಸಾರಜನಕ 14 ಇದ್ದರೆ ಮೊತ್ತ 290. ಯಂತ್ರ 330 ತೋರಿಸಿದರೆ ಅಂತರ 40. ಸಾಮಾನ್ಯವಾಗಿ ಇದು ಹತ್ತರೊಳಗಿರಬೇಕು. ಹೆಚ್ಚಿನ ಕಣಗಳು ಯಾವುವೆಂದು ಪರೀಕ್ಷೆ ಹೇಳದು. ಕುಡಿಯುವ ಆಲ್ಕೋಹಾಲೂ ಅಂತರವನ್ನು ಹಿಗ್ಗಿಸುತ್ತದೆ.

ಇಲ್ಲೊಂದು ಅಪಾಯಕರ ತಿರುವಿದೆ. ವಿಷವು ಆಮ್ಲವಾದಂತೆ ಈ ಅಂತರ ಕುಗ್ಗುತ್ತದೆ. ತಡವಾಗಿ ಬಂದ ರೋಗಿಯಲ್ಲಿ ಅಂತರ ಸಹಜವಾಗಿದ್ದು, ರಕ್ತದ ಆಮ್ಲೀಯತೆ ಮಾತ್ರ ವಿಪರೀತವಾಗಿರಬಹುದು. ಆದುದರಿಂದ ವೈದ್ಯರು ಅಂಕಿಯ ಜೊತೆಗೆ ‘ಕುಡಿದು ಎಷ್ಟು ಹೊತ್ತಾಯಿತು?’ ಎಂದೂ ಕೇಳಬೇಕಾಗುತ್ತದೆ. ಬಡವನು ಪೊಲೀಸರ ಭಯದಿಂದಲೋ ನಾಚಿಕೆಯಿಂದಲೋ ಆ ಉತ್ತರವನ್ನು ಮುಚ್ಚಿಟ್ಟರೆ ಅಮೂಲ್ಯವಾದ ಸಮಯ ವ್ಯರ್ಥವಾಗುತ್ತದೆ.

ಚಿಕಿತ್ಸೆ ಇದೆ: ವಿಷವು ಆಮ್ಲವಾಗದಂತೆ ತಡೆಯುವ ಫೊಮೆಪಿಜೋಲ್ ಅಥವಾ ಶುದ್ಧ ಎಥೈಲ್ ಆಲ್ಕೋಹಾಲ್, ಜೊತೆಗೆ ಡಯಾಲಿಸಿಸ್. ನಿಮ್ಮಲ್ಲಿ ಅನೇಕರು ಇಂದು ವೈದ್ಯರು, ದಾದಿಯರು. ಅಂತಹ ರೋಗಿ ಬಂದಾಗ ಬೈಯದೆ ಕೇಳಿರಿ. ಸತ್ಯ ಬೇಗ ಹೊರಬಂದರೆ ಕಣ್ಣೂ ಪ್ರಾಣವೂ ಉಳಿದಾವು.