ಗಂಡಾಂತರ ಗರ್ಭಿಣಿಯರ ಆರೈಕೆ: ಬೀದರ್, ಭಾಲ್ಕಿ, ಔರಾದ್

ತಾಯಿ ಇಲ್ಲವೆ ಮಗುವಿನ ಜೀವಕ್ಕೆ ಅಪಾಯ ತರಬಲ್ಲ ಲಕ್ಷಣಗಳಿರುವ ಬಸುರಿಯನ್ನು ಕರ್ನಾಟಕದ ಆರೋಗ್ಯ ಸಿಬ್ಬಂದಿ ‘ಗಂಡಾಂತರ ಗರ್ಭಿಣಿ’ ಎನ್ನುತ್ತಾರೆ. 7 ಗ್ರಾಂಗಿಂತ ಕೆಳಗಿಳಿದ ಹಿಮೋಗ್ಲೋಬಿನ್, 140/90 ಮುಟ್ಟಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಅವಳಿ ಗರ್ಭ, ಹಿಂದಿನ ಸಿಸೇರಿಯನ್, ತೀರ ಎಳೆಯ ವಯಸ್ಸು ಇವು ಮುಖ್ಯ ಲಕ್ಷಣಗಳು.

ಇವರನ್ನು ಮೊದಲು ಗುರುತಿಸುವವಳು ಆಶಾ ಕಾರ್ಯಕರ್ತೆ. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರ, ಭಾಲ್ಕಿ ಅಥವಾ ಔರಾದ್ ತಾಲ್ಲೂಕು ಆಸ್ಪತ್ರೆ, ಕೊನೆಗೆ ಸುಮಾರು 40 ಕಿ.ಮೀ. ದೂರದ ಬೀದರ್‌ನ ಬ್ರಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಂತೆ ಪ್ರತಿ ತಿಂಗಳ 9ರಂದು ವೈದ್ಯರೇ ಉಚಿತವಾಗಿ ತಪಾಸಣೆ ನಡೆಸುತ್ತಾರೆ. ಅಪಾಯ ಕಂಡವರ ತಾಯಿ ಕಾರ್ಡಿಗೆ ಕೆಂಪು ಗುರುತು ಬೀಳುತ್ತದೆ. 2022ರ ವಿಸ್ತೃತ ಅಭಿಯಾನ ಇಂಥವರಿಗೆ ಮೂರು ಹೆಚ್ಚುವರಿ ಭೇಟಿಗಳನ್ನೂ ಹೆರಿಗೆಯ ನಂತರ 45ನೇ ದಿನದವರೆಗಿನ ನಿಗಾವನ್ನೂ ಸೇರಿಸಿತು.

ಎಷ್ಟು ಸಲ ತಪಾಸಣೆಯಾಯಿತು ಎಂಬುದರಿಂದ ಆರೈಕೆಯ ಗುಣಮಟ್ಟ ತಿಳಿಯುವುದಿಲ್ಲ. ಕೆಂಪು ಗುರುತು ಬಿದ್ದ ಮೇಲೆ ಏನಾಯಿತು ಎಂಬುದೇ ಅದರ ಅಳತೆ. ರಕ್ತಹೀನತೆಯನ್ನೇ ನೋಡಿ. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ. ಕಾರಣ ಹೇಳುವವರಿಲ್ಲದಿದ್ದರೆ ಹೆಣ್ಣುಮಗಳು ಹೆದರಿ ಬಿಡುತ್ತಾಳೆ, ಮಾತ್ರೆ ಗೂಡಿನಲ್ಲೇ ಉಳಿಯುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ, ನುಂಗಿದ ಕಬ್ಬಿಣಾಂಶವೂ ಮೈಗೆ ಹತ್ತದಂತೆ ತಡೆಯುತ್ತದೆ. ಇಷ್ಟನ್ನು ಅವಳ ಮನೆಮಾತಿನಲ್ಲಿ ಕೂತು ಹೇಳಲು ಹತ್ತು ನಿಮಿಷ ಸಾಕು. ನೂಕುನುಗ್ಗಲಿನ ತಪಾಸಣೆಯ ದಿನ ಮೊದಲು ಕೈಬಿಡುವುದೂ ಅದೇ ಹತ್ತು ನಿಮಿಷ. ತಡವಾದರೆ ರಕ್ತನಾಳದ ಮೂಲಕ ಐರನ್ ಸುಕ್ರೋಸ್, ಕೊನೆಯ ತಿಂಗಳುಗಳಲ್ಲಿ ರಕ್ತವನ್ನೇ ಏರಿಸಬೇಕಾಗಬಹುದು. ಕಾಲು, ಮುಖದ ಬಾವನ್ನು ‘ಬಸುರಿಗೆ ಇದ್ದದ್ದೇ’ ಎಂದು ತಳ್ಳಿಹಾಕುವುದೂ ಅಷ್ಟೇ ಅಪಾಯ: ತಲೆನೋವು, ಕಣ್ಣು ಮಂಜಾಗುವುದು ಜೊತೆಗೂಡಿದರೆ ಅದು ಗರ್ಭನಂಜಿನ (ಪ್ರಿ-ಎಕ್ಲಾಂಪ್ಸಿಯಾ) ಸೂಚನೆ.

ಈ ಗಡಿ ಸೀಮೆಗೆ ಇನ್ನೊಂದು ತೊಡಕಿದೆ. ಚೊಚ್ಚಲ ಬಾಣಂತನ ತವರಿನದು. ಮರಾಠಿ ಮನೆಮಾತಿನವರಿಗೆ ತವರು ಎಂದರೆ ಮಾಹೇರ. ತವರು ಮಹಾರಾಷ್ಟ್ರದ ಉದಗೀರ, ದೇಗಲೂರ ಕಡೆ ಇರಬಹುದು, ತೆಲಂಗಾಣದ ನಾರಾಯಣಖೇಡದಲ್ಲಿರಬಹುದು. ನಿಗಾ ಅತಿ ಅಗತ್ಯವಾದ ಏಳನೇ, ಎಂಟನೇ ತಿಂಗಳಲ್ಲೇ ಅವಳು ರಾಜ್ಯ ದಾಟುತ್ತಾಳೆ. ಇಲ್ಲಿನ ಆಶಾ ಕೈಯಲ್ಲಿ ಹೆಸರು ಉಳಿಯುತ್ತದೆ, ಅಲ್ಲಿಯವಳಿಗೆ ಹೊಸಬಳಾಗುತ್ತಾಳೆ. ದುಡಿಮೆಗಾಗಿ ಹೈದರಾಬಾದ್, ಪುಣೆಗೆ ಗುಳೆ ಹೋಗುವ ಬಸುರಿಯರ ಪಾಡೂ ಇದೇ.

ಆದ್ದರಿಂದ ತವರಿಗೆ ಹೊರಡುವವಳು ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ರಕ್ತದ ಗುಂಪಿನ ಚೀಟಿಯನ್ನು ಜೊತೆಗೇ ಒಯ್ಯಲಿ. ಮನೆಯವರು ಮೊದಲ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆಗೆ ಅವನ್ನು ತೋರಿಸಲಿ.